ದಾವಣಗೆರೆ–ಚಿತ್ರದುರ್ಗದ ಹಳೆಯ ಬ್ಲಾಕ್‌ಗಳಿಂದ ಸ್ತನ ಕ್ಯಾನ್ಸರ್ ಮರುಕಳಿಕೆ ಊಹಿಸಲು ಸಾಧ್ಯವೇ?

ಬಯೋಟೆಕ್_ವಿದ್ಯಾನಗರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳಲ್ಲಿ 2012ರಿಂದ 2018ರವರೆಗೆ ಶಸ್ತ್ರಚಿಕಿತ್ಸೆ ಆದ ಸ್ತನ ಕ್ಯಾನ್ಸರ್ ಗಡ್ಡೆಗಳ ಸುಮಾರು 120 ಪ್ಯಾರಫಿನ್ ಬ್ಲಾಕ್‌ಗಳು (ಮೇಣದಲ್ಲಿ ಹುದುಗಿಸಿಟ್ಟ ಗಡ್ಡೆಯ ತುಂಡುಗಳು) ಒಂದು ಅಧ್ಯಯನಕ್ಕೆ ಸಿಗುವಂತಿವೆ. ಎಲ್ಲವೂ ಇಆರ್ ಪಾಸಿಟಿವ್ (ಈಸ್ಟ್ರೊಜನ್ ರಿಸೆಪ್ಟರ್ ಇರುವವು), ಹರ್-2 ನೆಗೆಟಿವ್ (ಹರ್-2 ಪ್ರೋಟೀನ್ ಹೆಚ್ಚಿಲ್ಲದವು). ಜೀನ್ ಅಭಿವ್ಯಕ್ತಿ ಅಳೆದು ಯಾರಿಗೆ ಕಾಯಿಲೆ ಮರುಕಳಿಸುತ್ತದೆ ಎಂದು ಊಹಿಸುವ ಮಾದರಿ ಕಟ್ಟುವುದು ಉದ್ದೇಶ. ಕೇಳಬೇಕಾದದ್ದು ಇಷ್ಟು:

ಇಷ್ಟು ಹಳೆಯ ಬ್ಲಾಕ್‌ಗಳಲ್ಲಿ ಬಳಸುವಂಥ ಆರ್‌ಎನ್‌ಎ ಉಳಿದಿರುತ್ತದೆಯೇ? ಆರ್‌ಟಿ-ಪಿಸಿಆರ್‌ನಲ್ಲಿ (ಆರಿಸಿದ ಜೀನ್‌ಗಳ ಆರ್‌ಎನ್‌ಎಯನ್ನು ನಕಲು ಮಾಡುತ್ತಾ ಅಳೆಯುವ ವಿಧಾನ) ಕೆಲವೇ ಜೀನ್ ನೋಡಬೇಕೋ, ಪೂರ್ತಿ ಆರ್‌ಎನ್‌ಎ ಸೀಕ್ವೆನ್ಸಿಂಗ್‌ಗೆ ಕಳಿಸಬೇಕೋ? ಮೆಟಾಬ್ರಿಕ್ ಎಂಬ ಸಾರ್ವಜನಿಕ ಸ್ತನ ಕ್ಯಾನ್ಸರ್ ದತ್ತಾಂಶದ ಮೇಲೆ ರ‍್ಯಾಂಡಮ್ ಫಾರೆಸ್ಟ್ (ಯಂತ್ರಕಲಿಕೆಯ ಒಂದು ವಿಧಾನ) ಮಾದರಿಯೊಂದು 0.91 ಎಯುಸಿ (ಊಹೆ ಎಷ್ಟು ಸರಿ ಎಂಬ ಅಳತೆ, 0.5 ಅಂದರೆ ಬರೀ ಅದೃಷ್ಟ, 1 ಅಂದರೆ ಪರಿಪೂರ್ಣ) ಕೊಡುತ್ತಿದೆ. ಅದನ್ನೇ ನಮ್ಮ 120 ಬ್ಲಾಕ್‌ಗಳ ಮೇಲೆ ಪರೀಕ್ಷಿಸಿದರೆ ಸಾಕೇ? ಫಲಿತಾಂಶವನ್ನು ಇಲ್ಲಿನ ಆಂಕಾಲಜಿಸ್ಟ್‌ಗಳು ಬಳಸುವಂತಾಗಲು ಇನ್ನೇನು ಬೇಕು?

ಸ್ಲೈಡ್_ಮೇಜು

ಮೊದಲು ಬ್ಲಾಕ್ ಮಾತು ಮುಗಿಸೋಣ, ಸಾಫ್ಟ್‌ವೇರ್ ಆಮೇಲೆ ನೋಡ್ರಿ. ನಿಮ್ಮ ಅಧ್ಯಯನ ನಿಲ್ಲೋದು ಬೀಳೋದು ಗಡ್ಡೆ ದೇಹದಿಂದ ಹೊರಬಂದ ಮೊದಲ ಒಂದು ಗಂಟೆಯಲ್ಲಿ ಏನಾಯಿತು ಅನ್ನೋದರ ಮೇಲೆ. ಬ್ಲಾಕ್ ಎಷ್ಟು ವರ್ಷ ಹಳೆಯದು ಅನ್ನೋದು ಅದಕ್ಕಿಂತ ಸಣ್ಣ ವಿಷಯ. ಹತ್ತು ವರ್ಷದ ಬ್ಲಾಕ್‌ನಿಂದಲೂ ಕೆಲಸಕ್ಕೆ ಬರುವ ಆರ್‌ಎನ್‌ಎ ಸಿಗುತ್ತದೆ. ಸರಿಯಾಗಿ ಫಿಕ್ಸ್ ಆಗದ ಹೋದ ತಿಂಗಳ ಬ್ಲಾಕ್‌ನಿಂದ ಸಿಗದೇ ಇರಬಹುದು.

ನಿಯಮ ಇದು: ಹೊರತೆಗೆದ ಒಂದು ಗಂಟೆಯೊಳಗೆ ಫಾರ್ಮಲಿನ್‌ಗೆ ಬೀಳಬೇಕು. 10 ಪರ್ಸೆಂಟ್ ನ್ಯೂಟ್ರಲ್ ಬಫರ್ಡ್ ಫಾರ್ಮಲಿನ್‌ನಲ್ಲಿ ಕನಿಷ್ಠ 6, ಗರಿಷ್ಠ 72 ಗಂಟೆ ಇರಬೇಕು. ಗಡ್ಡೆಯ ಗಾತ್ರದ ಹತ್ತು ಪಟ್ಟಾದರೂ ದ್ರವ ಬೇಕು. ಇಡೀ ಮ್ಯಾಸ್ಟೆಕ್ಟಮಿ ಸ್ಪೆಸಿಮೆನ್ ಅನ್ನು ಕೊಯ್ಯದೆ ಬಕೆಟ್‌ಗೆ ಇಳಿಬಿಟ್ಟರೆ ಒಳಗಿನ ಗಡ್ಡೆಗೆ ಫಾರ್ಮಲಿನ್ ತಲುಪುವ ಹೊತ್ತಿಗೆ ಮರುದಿನವಾಗಿರುತ್ತದೆ, ಯಾಕಂದ್ರೆ ಅದು ಒಳಕ್ಕೆ ಇಳಿಯೋದೇ ಗಂಟೆಗೆ ಹೆಚ್ಚುಕಡಿಮೆ 1 ಮಿಲಿಮೀಟರ್, ಕೊಬ್ಬಿನಲ್ಲಿ ಇನ್ನೂ ನಿಧಾನ. ಅದಕ್ಕೇ ಅಂಚುಗಳಿಗೆ ಮಸಿ ಹಚ್ಚಿ, ಹಿಂಬದಿಯಿಂದ ಸುಮಾರು 1 ಸೆಂಟಿಮೀಟರ್ ಅಂತರದಲ್ಲಿ ಸೀಳಿ, ನಡುವೆ ಗಾಜ್ ಬಟ್ಟೆ ಇಟ್ಟು ಮುಳುಗಿಸಬೇಕು.

ನಮ್ಮ ಕಡೆಯ ಕಷ್ಟ ಬೇರೆ ಇದೆ. ಜಗಳೂರು, ಹೊಸದುರ್ಗ, ಮೊಳಕಾಲ್ಮೂರು ಕಡೆಯ ಸಣ್ಣ ನರ್ಸಿಂಗ್ ಹೋಮ್‌ನಲ್ಲಿ ಆಪರೇಷನ್ ಆದರೆ ಗಡ್ಡೆ ಸಲೈನ್‌ನಲ್ಲೋ, ಬೋರ್‌ವೆಲ್ ನೀರು ಬೆರೆಸಿದ ಫಾರ್ಮಲಿನ್‌ನಲ್ಲೋ ಬಸ್ಸಿನಲ್ಲಿ ಬರುವುದುಂಟು. ಬಫರ್ ಇಲ್ಲದ ಫಾರ್ಮಲಿನ್ ಇಟ್ಟಷ್ಟೂ ಫಾರ್ಮಿಕ್ ಆಸಿಡ್ ಆಗುತ್ತಾ ಹೋಗುತ್ತದೆ, ಆರ್‌ಎನ್‌ಎ ಚೂರುಚೂರಾಗುತ್ತದೆ. ಇಆರ್ ಸ್ಟೇನ್ ಕೂಡ ಸುಳ್ಳು ನೆಗೆಟಿವ್ ಬರಬಹುದು. ಅಂಥ ಗಡ್ಡೆಗಳು ನಿಮ್ಮ ‘ಇಆರ್ ಪಾಸಿಟಿವ್’ ಪಟ್ಟಿಗೆ ಬಂದೇ ಇರುವುದಿಲ್ಲ, ಅಂದರೆ ಆಯ್ಕೆಯಲ್ಲೇ ಒಂದು ಓರೆ ಸೇರಿಕೊಂಡಿದೆ. ಪ್ರಬಂಧದಲ್ಲಿ ಇದನ್ನು ಬರೆಯಲೇಬೇಕು.

ಮುಂದಿನ ಗಡ್ಡೆಗಳಿಗಾದರೂ ಬಫರ್ ಮಾಡಿಡ್ರಿ, ಖರ್ಚು ಏನೇನೂ ಇಲ್ಲ: 40 ಪರ್ಸೆಂಟ್ ಫಾರ್ಮಾಲ್ಡಿಹೈಡ್ 100 ಮಿಲಿ, ಡಿಸ್ಟಿಲ್ಡ್ ವಾಟರ್ 900 ಮಿಲಿ, ಸೋಡಿಯಂ ಡೈಹೈಡ್ರೋಜನ್ ಫಾಸ್ಫೇಟ್ ಮೊನೊಹೈಡ್ರೇಟ್ 4 ಗ್ರಾಂ, ನೀರಿಲ್ಲದ ಡೈಸೋಡಿಯಂ ಹೈಡ್ರೋಜನ್ ಫಾಸ್ಫೇಟ್ 6.5 ಗ್ರಾಂ. ಪಿಎಚ್ 7ರ ಸುತ್ತ ನಿಲ್ಲಬೇಕು. ಹೊರತೆಗೆದ ಸಮಯ, ಫಾರ್ಮಲಿನ್‌ಗೆ ಹಾಕಿದ ಸಮಯ, ಎರಡನ್ನೂ ಫಾರಂ ಮೇಲೆ ಬರೆಸ್ರಿ.

ಈಗ ಕೊಯ್ಯುವ ಮಾತು. ಪ್ರತಿ ಬ್ಲಾಕ್‌ನಿಂದ ಮೊದಲು 4 ಮೈಕ್ರಾನ್‌ನ ಒಂದು ಎಚ್ ಅಂಡ್ ಇ (ಸೂಕ್ಷ್ಮದರ್ಶಕದಲ್ಲಿ ನೋಡಲು ಬಣ್ಣ ಹಾಕಿದ) ಸ್ಲೈಡ್. ಪೆಥಾಲಜಿಸ್ಟ್ ಅದರ ಮೇಲೆ ಗಡ್ಡೆಯ ಭಾಗವನ್ನು ಪೆನ್ನಿನಿಂದ ಗುರುತಿಸಬೇಕು. ಗಾಳಿಗೆ ತೆರೆದಿದ್ದ ಮೊದಲ ಒಂದೆರಡು ಸೆಕ್ಷನ್ ಬಿಸಾಕಿ, ಆಮೇಲೆ 10 ಮೈಕ್ರಾನ್‌ನ 4ರಿಂದ 6 ಸೆಕ್ಷನ್, ಕೊನೆಗೆ ಮತ್ತೊಂದು ಎಚ್ ಅಂಡ್ ಇ. ಕೊನೆಯ ಸ್ಲೈಡ್‌ನಲ್ಲಿ ಗಡ್ಡೆ ಇಲ್ಲ ಅಂದರೆ ನಡುವಿನ ಸೆಕ್ಷನ್‌ಗಳಲ್ಲಿ ಇತ್ತು ಅನ್ನೋದಕ್ಕೆ ಖಾತ್ರಿ ಇಲ್ಲ. ಬ್ಲಾಕ್‌ನಿಂದ ಬ್ಲಾಕ್‌ಗೆ ಬ್ಲೇಡ್ ಬದಲಿಸಬೇಕು, ಇಲ್ಲದಿದ್ದರೆ ಒಬ್ಬರ ಅಂಗಾಂಶ ಇನ್ನೊಬ್ಬರ ಟ್ಯೂಬ್‌ಗೆ ಹೋಗುತ್ತದೆ.

ಬಹಳ ಜನ ಮರೆಯೋದು ಬಯಾಪ್ಸಿ ಸೂಜಿ ಹೋದ ಜಾಗ. ಆಪರೇಷನ್‌ಗೆ ಮುಂಚೆ ಕೋರ್ ಬಯಾಪ್ಸಿ ಆಗಿದ್ದರೆ ಆ ಗಾಯದ ಸುತ್ತ ಗಾಯ ಮಾಯಿಸುವ ಕೋಶಗಳಾದ ಮ್ಯಾಕ್ರೊಫೇಜ್‌ಗಳು, ವಿಭಜಿಸುತ್ತಿರುವ ಫೈಬ್ರೊಬ್ಲಾಸ್ಟ್‌ಗಳು ತುಂಬಿರುತ್ತವೆ. ಅದನ್ನು ಸೇರಿಸಿ ಅರೆದರೆ ಕೋಶವಿಭಜನೆಯ ಜೀನ್‌ಗಳೂ ಸಿಡಿ68 (ಮ್ಯಾಕ್ರೊಫೇಜ್‌ಗಳ ಗುರುತಿನ ಜೀನ್) ಕೂಡ ಏರಿ, ಮಂದಗತಿಯ ಗಡ್ಡೆಯೂ ಅಪಾಯಕಾರಿ ಎಂದು ಕಾಣುತ್ತದೆ. ಸ್ಕಾಲ್ಪೆಲ್‌ನಿಂದ ಆ ಭಾಗ ಕೆರೆದು ತೆಗೆದೇ ಮುಂದುವರೀರಿ. ನಾಳದೊಳಗೇ ಇದ್ದು ಇನ್ನೂ ಹೊರಗೆ ಹರಡದ ಕ್ಯಾನ್ಸರ್ ಆದ ಡಿಸಿಐಎಸ್, ಗುಂಪುಗೂಡಿದ ಲಿಂಫೊಸೈಟ್‌ಗಳಿಗೂ ಇದೇ ಮಾತು.

ಆರ್‌ಎನ್‌ಎ ತೆಗೆಯೋದು ಎಫ್‌ಎಫ್‌ಪಿಇ (ಫಾರ್ಮಲಿನ್‌ನಲ್ಲಿಟ್ಟು ಮೇಣಕ್ಕೆ ಹಾಕಿದ ಅಂಗಾಂಶದ) ಕಿಟ್‌ನಲ್ಲೇ: ಝೈಲಿನ್‌ನಲ್ಲಿ ಮೇಣ ಕರಗಿಸಿ, ಶುದ್ಧ ಎಥನಾಲ್‌ನಲ್ಲಿ ತೊಳೆದು, ಪ್ರೋಟಿನೇಸ್-ಕೆ ಹಾಕಿ 56 ಡಿಗ್ರಿ, ಆಮೇಲೆ 80 ಡಿಗ್ರಿಯಲ್ಲಿ 15 ನಿಮಿಷ. ಈ 80 ಡಿಗ್ರಿ ಹಂತ ಫಾರ್ಮಲಿನ್ ಹೆಣೆದ ಕೊಂಡಿಗಳನ್ನು ಬಿಡಿಸುತ್ತದೆ. ಜಾಸ್ತಿ ಹೊತ್ತು ಬಿಟ್ಟರೆ ಆರ್‌ಎನ್‌ಎ ಒಡೆಯುತ್ತದೆ, ಕಡಿಮೆಯಾದರೆ ಪಿಸಿಆರ್ ಹತ್ತುವುದಿಲ್ಲ. ಡಿಎನ್‌ಎ ತೆಗೆಯುವ ಡಿಎನ್‌ಏಸ್ ಹಂತ ತಪ್ಪಿಸಬೇಡ್ರಿ. ಗುಣಮಟ್ಟಕ್ಕೆ ಆರ್‌ಐಎನ್ (ಆರ್‌ಎನ್‌ಎ ಎಷ್ಟು ಇಡಿಯಾಗಿದೆ ಎಂಬ 1ರಿಂದ 10ರ ಅಂಕ) ನೋಡಿ ಪ್ರಯೋಜನವಿಲ್ಲ, ಇಂಥ ಮಾದರಿಗಳಲ್ಲಿ ಎಲ್ಲರದ್ದೂ 2ರ ಸುತ್ತಲೇ ಇರುತ್ತದೆ. ಡಿವಿ-200 ನೋಡ್ರಿ, ಅಂದರೆ 200 ನ್ಯೂಕ್ಲಿಯೋಟೈಡ್‌ಗಿಂತ ಉದ್ದದ ತುಂಡುಗಳ ಶೇಕಡಾವಾರು. 30ಕ್ಕಿಂತ ಕೆಳಗಿದ್ದರೆ ಸೀಕ್ವೆನ್ಸಿಂಗ್‌ಗೆ ದುಡ್ಡು ಹಾಕಬೇಡ್ರಿ.

120ಕ್ಕೂ ಒಂದೇ ಸಲ ಕೈ ಹಾಕುವ ಮುನ್ನ, ಪ್ರತಿ ವರ್ಷದಿಂದ ಎರಡು ಮೂರು ಬ್ಲಾಕ್ ಆರಿಸಿ ಡಿವಿ-200 ಮಾತ್ರ ಅಳೆಯಿರಿ. ಎಲ್ಲಿಗೆ ನಿಂತಿದ್ದೀರಿ ಅಂತ ಅಲ್ಲೇ ಗೊತ್ತಾಗುತ್ತದೆ.

ದುರ್ಗದ_ಅಂಕಿಸಂಖ್ಯೆ

ಸ್ಲೈಡ್_ಮೇಜು ಅವರು ಹೇಳಿದ್ದಕ್ಕೆ ಸೇರಿಸಲು ಏನೂ ಇಲ್ಲ. ನಾನು ಆ 0.91ರ ಬಗ್ಗೆ ಬರೆಯುತ್ತೇನೆ. ಅದನ್ನು ನಂಬಬೇಡಿ.

ದೊಡ್ಡ ದೊಡ್ಡ ತಂಡಗಳು ಕಟ್ಟಿದ ಜೀನ್ ಅಂಕಗಳೇ ಹೊಸ ರೋಗಿಗಳ ಮೇಲೆ ಸಾಮಾನ್ಯವಾಗಿ 0.65ರಿಂದ 0.75ರ ಆಸುಪಾಸಿನ ಸಿ-ಇಂಡೆಕ್ಸ್ (ಎಯುಸಿಯಂಥದೇ ಅಳತೆ) ಕೊಡುತ್ತವೆ. ಅದಕ್ಕಿಂತ ತುಂಬಾ ಮೇಲೆ ಬಂದರೆ ಎಲ್ಲೋ ಉತ್ತರ ಸೋರಿದೆ ಎಂದೇ ಹುಡುಕಲು ಶುರು ಮಾಡಬೇಕು. ಮೆಟಾಬ್ರಿಕ್‌ನಲ್ಲಿ ಸೋರುವ ಜಾಗಗಳು ಗೊತ್ತಿರುವಂಥವೇ. ರೋಗಿಗಳ ಕೋಷ್ಟಕದಲ್ಲಿ ‘ವೈಟಲ್ ಸ್ಟೇಟಸ್’ ಎಂಬ ಕಾಲಂ ಇದೆ, ಬದುಕಿದ್ದಾರೆ, ಕಾಯಿಲೆಯಿಂದ ತೀರಿಕೊಂಡರು, ಬೇರೆ ಕಾರಣದಿಂದ ತೀರಿಕೊಂಡರು ಎಂದು. ಅದನ್ನೋ, ಎಷ್ಟು ತಿಂಗಳು ಬದುಕಿದರು ಎಂಬ ಕಾಲಂ ಅನ್ನೋ ತೆಗೆಯದೆ ಮಾದರಿಗೆ ಉಣಿಸಿದರೆ ಉತ್ತರವನ್ನೇ ಪ್ರಶ್ನೆಪತ್ರಿಕೆಯಲ್ಲಿ ಅಚ್ಚು ಹಾಕಿದಂತೆ. ಎರಡನೆಯದು, ಇಡೀ ದತ್ತಾಂಶ ನೋಡಿ ‘ಮುಖ್ಯ’ ಜೀನ್‌ಗಳನ್ನು ಆರಿಸಿ, ಆಮೇಲೆ ತರಬೇತಿ–ಪರೀಕ್ಷೆ ಎಂದು ಭಾಗ ಮಾಡುವುದು. ಜೀನ್ ಆಯ್ಕೆ, ಸ್ಕೇಲಿಂಗ್, ಬ್ಯಾಚ್ ತಿದ್ದುಪಡಿ, ಎಲ್ಲವೂ ಕ್ರಾಸ್-ವ್ಯಾಲಿಡೇಶನ್‌ನ (ದತ್ತಾಂಶವನ್ನು ಭಾಗ ಮಾಡಿ ಸರದಿಯಂತೆ ಒಂದನ್ನು ಪರೀಕ್ಷೆಗೆ ಬಿಡುವುದು) ಒಳಗೇ, ಆಯಾ ತರಬೇತಿ ಭಾಗದ ಮೇಲೆ ಮಾತ್ರ ನಡೆಯಬೇಕು. ಮೂರನೆಯದು, ಮೂರು ವರ್ಷಕ್ಕೇ ಸಂಪರ್ಕ ತಪ್ಪಿದವರನ್ನು ‘ಬದುಕಿದ್ದಾರೆ’ ಎಂದು ಎಣಿಸುವುದು. ಹೀಗೆ ಸೆನ್ಸರ್ ಆದವರಿಗೆ (ಮುಂದೇನಾಯಿತೆಂದು ತಿಳಿಯದವರಿಗೆ) ಅವಧಿಯನ್ನೂ ಲೆಕ್ಕಕ್ಕೆ ಹಿಡಿಯುವ ಕಾಕ್ಸ್ ಅಥವಾ ಸರ್ವೈವಲ್ ಫಾರೆಸ್ಟ್ ಬೇಕು, ಹೌದು–ಇಲ್ಲ ವರ್ಗೀಕರಣ ಸಲ್ಲದು.

ಇನ್ನೊಂದು ಬಲೆ ಇದಕ್ಕಿಂತ ನುಣುಪಾದದ್ದು. ಟ್ರಿಪಲ್ ನೆಗೆಟಿವ್ (ಈಸ್ಟ್ರೊಜನ್, ಪ್ರೊಜೆಸ್ಟರಾನ್ ರಿಸೆಪ್ಟರ್, ಹರ್-2 ಮೂರಕ್ಕೂ ನೆಗೆಟಿವ್), ಹರ್-2 ಪಾಸಿಟಿವ್, ಇಆರ್ ಪಾಸಿಟಿವ್ ಎಲ್ಲವನ್ನೂ ಒಟ್ಟು ಸೇರಿಸಿ ತರಬೇತಿ ಕೊಟ್ಟರೆ ಮಾದರಿ ಕಲಿಯುವುದು ಗಡ್ಡೆಯ ಬಗೆಯನ್ನು. ಅದು ಇಮ್ಯುನೊಹಿಸ್ಟೊಕೆಮಿಸ್ಟ್ರಿಯಲ್ಲಿ (ಪ್ರೋಟೀನ್‌ಗೆ ಬಣ್ಣ ಹಾಕಿ ನೋಡುವ ಪರೀಕ್ಷೆ) ಆಗಲೇ ತಿಳಿದಿದೆ. ನಿಮ್ಮ 120 ಮಂದಿ ಪೂರಾ ಇಆರ್ ಪಾಸಿಟಿವ್, ಅವರೊಳಗೆ ಅಂಥ ಮಾದರಿ ಏನನ್ನೂ ಬೇರ್ಪಡಿಸಲಾರದು. ಮೆಟಾಬ್ರಿಕ್‌ನಿಂದಲೂ ಇಆರ್ ಪಾಸಿಟಿವ್–ಹರ್-2 ನೆಗೆಟಿವ್ ಮಾತ್ರ ಆರಿಸಿ ಮತ್ತೆ ಓಡಿಸಿ, 0.91 ಎಲ್ಲಿಗೆ ಇಳಿಯುತ್ತದೆ ನೋಡಿ.

ಹೊಸ ಜೀನ್ ಪಟ್ಟಿ ಹುಡುಕುವ ಆಸೆಯನ್ನೂ ಬಿಡಿ ಎನ್ನುತ್ತೇನೆ. ಆಮ್‌ಸ್ಟರ್‌ಡ್ಯಾಮಿನ 70 ಜೀನ್‌ಗಳ ಪಟ್ಟಿಗೂ ರಾಟರ್‌ಡ್ಯಾಮಿನ 76ರ ಪಟ್ಟಿಗೂ ಸಮಾನವಾದವು ಬರೀ 3. ಆದರೂ ಎರಡೂ ಕೆಲಸ ಮಾಡುತ್ತವೆ. 2011ರಲ್ಲಿ ವೆನೆಟ್ ಮತ್ತು ಸಂಗಡಿಗರು ಕಣ್ಣುಮುಚ್ಚಿ ಆರಿಸಿದ ಜೀನ್ ಗುಂಪುಗಳನ್ನು ಪರೀಕ್ಷಿಸಿದರು. 100ಕ್ಕಿಂತ ಹೆಚ್ಚು ಜೀನ್ ಇದ್ದ ಇಂಥ ಗುಂಪುಗಳಲ್ಲಿ ಶೇಕಡಾ 90ಕ್ಕೂ ಹೆಚ್ಚು, ಸ್ತನ ಕ್ಯಾನ್ಸರ್ ಫಲಿತಾಂಶದ ಜೊತೆ ‘ಗಣನೀಯ’ ಸಂಬಂಧ ತೋರಿಸಿದವು. ಕಾರಣ ಒಂದೇ: ಸಾವಿರಾರು ಜೀನ್‌ಗಳು ಕೋಶವಿಭಜನೆಯ ವೇಗದ ಜೊತೆಗೇ ಏರಿಳಿಯುತ್ತವೆ, ಎಲ್ಲಿ ಕೈಹಾಕಿದರೂ ಅದೇ ಸಿಗುತ್ತದೆ. ಹಾಗಾಗಿ ಪಿ-ಮೌಲ್ಯ 0.05ಕ್ಕಿಂತ ಕಡಿಮೆ ಬಂತು ಎಂಬುದು ನಿಮ್ಮ ಪಟ್ಟಿಗೆ ಸಾಕ್ಷಿಯೇ ಅಲ್ಲ. ಅಷ್ಟೇ ಗಾತ್ರದ 1000 ಯಾದೃಚ್ಛಿಕ ಪಟ್ಟಿಗಳ ಎದುರು ಎಲ್ಲಿ ನಿಲ್ಲುತ್ತದೆ ಎಂದು ತೋರಿಸಬೇಕು.

120 ಸಾಕೇ ಎಂದರೆ, ಲೆಕ್ಕ ರೋಗಿಗಳದ್ದಲ್ಲ, ಮರುಕಳಿಕೆಗಳದ್ದು. 120ರಲ್ಲಿ 25 ಮಂದಿಗೆ ಮರುಕಳಿಸಿದೆ ಎಂದಿಟ್ಟುಕೊಂಡರೆ, ಒಂದು ಚರಕ್ಕೆ ಕನಿಷ್ಠ 10 ಘಟನೆ ಎಂಬ ಸಡಿಲ ನಿಯಮದಲ್ಲೂ ಎರಡು ಚರಗಳಿಗೆ ಮಾತ್ರ ಜಾಗ. ಹೊರಗಿನ ಮಾದರಿಯೊಂದನ್ನು ಗಟ್ಟಿಯಾಗಿ ಪರೀಕ್ಷಿಸಲು 100 ಘಟನೆಗಳಾದರೂ ಬೇಕು ಎನ್ನುತ್ತಾರೆ. ಅಂದರೆ ಈ ಬ್ಲಾಕ್‌ಗಳಿಂದ ಮಾದರಿ ಕಟ್ಟಲಾಗದು, ಪೂರ್ತಿ ದೃಢೀಕರಣವೂ ಆಗದು. ಆಗುವುದು ಏನೆಂದರೆ, ಮೊದಲೇ ಬೀಗ ಹಾಕಿದ ಒಂದೇ ಒಂದು ಅಂಕವನ್ನು ಇಲ್ಲಿನ ಬ್ಲಾಕ್‌ಗಳಲ್ಲಿ ಅಳೆಯಲು ಬರುತ್ತದೆಯೇ, ಗಡ್ಡೆಯ ಗಾತ್ರ, ಗ್ರೇಡ್, ಕಂಕುಳ ನೋಡ್, ಕೆಐ-67 (ಕೋಶವಿಭಜನೆಯ ಗುರುತು) ಇವಿಷ್ಟರ ಮೇಲೆ ಅದು ಏನಾದರೂ ಹೊಸದು ಹೇಳುತ್ತದೆಯೇ ಎಂದು ನೋಡುವುದು. ಇದು ಸಣ್ಣ ಕೆಲಸವೇನಲ್ಲ. ನಮ್ಮ ಕಡೆಯ ಬ್ಲಾಕ್‌ಗಳ ಮೇಲೆ ಇದನ್ನು ಶಿಸ್ತಾಗಿ ಮಾಡಿಟ್ಟರೆ ಮುಂದೆ ಬರುವವರು ಅದರ ಮೇಲೆ ಕಟ್ಟುತ್ತಾರೆ.

ಪಿಎಎಂ-50 (50 ಜೀನ್‌ಗಳಿಂದ ಗಡ್ಡೆಯ ಬಗೆ ಹೇಳುವ ಲೆಕ್ಕ) ಓಡಿಸುವ ಯೋಚನೆ ಇದ್ದರೆ ಒಂದು ಎಚ್ಚರಿಕೆ. ಅದು ಪ್ರತಿ ಜೀನ್‌ನ ಮಧ್ಯಮ ಮೌಲ್ಯವನ್ನು ಕಳೆದು ಲೆಕ್ಕ ಮಾಡುತ್ತದೆ. ಎಲ್ಲರೂ ಇಆರ್ ಪಾಸಿಟಿವ್ ಇರುವ ಗುಂಪಿನಲ್ಲಿ ಹಾಗೆ ಮಾಡಿದರೆ ಅರ್ಧ ಜನರ ಇಆರ್ ‘ಕಡಿಮೆ’ ಎಂದಾಗಿ, ಲ್ಯೂಮಿನಲ್ (ಇಆರ್ ಪಾಸಿಟಿವ್ ಬಗೆಯ) ಗಡ್ಡೆಗಳು ತಪ್ಪು ಗುಂಪಿಗೆ ಜಾರುತ್ತವೆ.

ಫಾಲೋಅಪ್ ಬಗ್ಗೆ ಒಂದು ಮಾತು. ಇಆರ್ ಪಾಸಿಟಿವ್ ಗಡ್ಡೆಗಳು 5 ವರ್ಷದ ನಂತರವೂ, 20 ವರ್ಷದವರೆಗೂ ಮರುಕಳಿಸುತ್ತಲೇ ಇರುತ್ತವೆ. ಟಿಸಿಜಿಎ ಎಂಬ ಇನ್ನೊಂದು ಸಾರ್ವಜನಿಕ ಕ್ಯಾನ್ಸರ್ ದತ್ತಾಂಶದ ಫಾಲೋಅಪ್ ಚಿಕ್ಕದು, ಈ ಪ್ರಶ್ನೆಗೆ ಅದು ಒದಗುವುದಿಲ್ಲ. ನಿಮ್ಮ ರೋಗಿಗಳಲ್ಲಿ ಹಲವರು ಕಿದ್ವಾಯಿಗೋ, ಮಣಿಪಾಲಕ್ಕೋ, ಹುಬ್ಬಳ್ಳಿಗೋ ಹೋಗಿ ಚಿಕಿತ್ಸೆ ಮುಂದುವರಿಸಿರುತ್ತಾರೆ. ‘ಮತ್ತೆ ಬರಲಿಲ್ಲ’ ಎನ್ನುವುದನ್ನು ‘ಚೆನ್ನಾಗಿದ್ದಾರೆ’ ಎಂದು ಬರೆದುಕೊಂಡರೆ ಎಲ್ಲ ಲೆಕ್ಕವೂ ಹೋಯಿತು. ಕೊನೆಯ ಭೇಟಿಯ ದಿನಾಂಕಕ್ಕೆ ಸೆನ್ಸರ್ ಮಾಡಿ, ಸಾಧ್ಯವಾದಷ್ಟು ಕುಟುಂಬಗಳಿಗೆ ಎಥಿಕ್ಸ್ ಸಮಿತಿಯ ಅನುಮತಿ ಪಡೆದು ಫೋನ್ ಮಾಡಿಸಿ.

ಕೀಮೋ_ಬೇಕೋ_ಬೇಡವೋ

ನಾಲ್ಕನೇ ಪ್ರಶ್ನೆಗೆ ನನ್ನ ಉತ್ತರ. ವಾರ್ಡಿನಲ್ಲಿ ನಮ್ಮ ಎದುರಿಗಿರುವ ಪ್ರಶ್ನೆ ಒಂದೇ: ಇಆರ್ ಪಾಸಿಟಿವ್, ಹರ್-2 ನೆಗೆಟಿವ್, ನೋಡ್ ಇಲ್ಲ (ಕಂಕುಳ ಗ್ರಂಥಿಗೆ ಕ್ಯಾನ್ಸರ್ ಹರಡಿಲ್ಲ) ಅಥವಾ 1ರಿಂದ 3 ನೋಡ್ ಇರುವ ಈ ತಾಯಿಗೆ ಹಾರ್ಮೋನ್ ಮಾತ್ರೆಯ ಜೊತೆ ಕೀಮೋ ಬೇಕೇ? ಟ್ರಿಪಲ್ ನೆಗೆಟಿವ್‌ಗೂ ಹರ್-2 ಪಾಸಿಟಿವ್‌ಗೂ ಈ ಅಂಕಗಳ ಕೆಲಸವಿಲ್ಲ.

ಅದಕ್ಕೆ ಗಟ್ಟಿ ಉತ್ತರ ಸಿಕ್ಕಿರುವುದು ರ‍್ಯಾಂಡಮೈಸ್ಡ್ ಟ್ರಯಲ್‌ಗಳಿಂದ. 21 ಜೀನ್‌ಗಳಿಂದ 0–100ರ ಅಂಕ ಕೊಡುವ ಆಂಕೊಟೈಪ್ ಡಿಎಕ್ಸ್ ಪರೀಕ್ಷೆಗೆ 2018ರ ಟೈಲರ್ಎಕ್ಸ್ ಟ್ರಯಲ್: ನೋಡ್ ಇಲ್ಲದ, ಅಂಕ 11ರಿಂದ 25 ಇದ್ದ 6,711 ಮಹಿಳೆಯರಲ್ಲಿ ಒಟ್ಟಾರೆ ಕೀಮೋದಿಂದ ಲಾಭ ಕಾಣಲಿಲ್ಲ. 9 ವರ್ಷಕ್ಕೆ ಕಾಯಿಲೆ ಇಲ್ಲದೆ ಇದ್ದವರು ಮಾತ್ರೆ ಮಾತ್ರ ಪಡೆದವರಲ್ಲಿ ಶೇ. 83.3, ಕೀಮೋ ಸೇರಿಸಿದವರಲ್ಲಿ ಶೇ. 84.3. ಆದರೆ 50 ವರ್ಷ ಮತ್ತು ಅದಕ್ಕಿಂತ ಚಿಕ್ಕವರಲ್ಲಿ ಅಂಕ 16ರಿಂದ 25 ಇದ್ದಾಗ ಸ್ವಲ್ಪ ಲಾಭ ಕಂಡಿತು. 2021ರ ಆರ್‌ಎಕ್ಸ್‌ಪಾಂಡರ್ 1–3 ನೋಡ್ ಇದ್ದವರದ್ದು: ಅಂಕ 25ರವರೆಗೆ ಇದ್ದು ಮುಟ್ಟು ನಿಂತವರಿಗೆ ಕೀಮೋದಿಂದ ಲಾಭವಿಲ್ಲ, ಮುಟ್ಟು ನಿಲ್ಲದವರಿಗೆ ಇದೆ. 70 ಜೀನ್‌ಗಳ ಮಮ್ಮಾಪ್ರಿಂಟ್ ಪರೀಕ್ಷೆಗೆ 2016ರ ಮೈಂಡ್ಯಾಕ್ಟ್ ಟ್ರಯಲ್ ಇದೆ.

ನಮ್ಮ ದೇಶದಲ್ಲಿ ಚಿಕ್ಕ ವಯಸ್ಸಿನ ರೋಗಿಗಳು ಹೆಚ್ಚು. ಅಂಕದ ಜೊತೆ ವಯಸ್ಸನ್ನೂ ಮುಟ್ಟಿನ ಸ್ಥಿತಿಯನ್ನೂ ನೋಡದೆ ಕೀಮೋ ಬಿಟ್ಟರೆ ತಪ್ಪಾಗುತ್ತದೆ.

ನಿಮ್ಮ ಅಧ್ಯಯನಕ್ಕೆ ಇದರ ಅರ್ಥ: 120 ಹಳೆಯ ಬ್ಲಾಕ್‌ಗಳಿಂದ ‘ಮರುಕಳಿಸುವ ಅಪಾಯ’ ಅಂದಾಜಿಸಬಹುದು, ‘ಕೀಮೋದಿಂದ ಲಾಭ’ ಅಂದಾಜಿಸಲಾಗದು. ಯಾರಿಗೆ ಅಪಾಯ ಹೆಚ್ಚೆನಿಸಿತೋ ಅವರಿಗೇ ಆಗ ಕೀಮೋ ಕೊಟ್ಟಿರುತ್ತಾರೆ, ಎರಡೂ ಹೆಣೆದುಕೊಂಡಿವೆ. ಈ ಅಂಕಗಳನ್ನು ಯಾವುದೇ ರೋಗಿಯ ಫೈಲಿಗೆ ಸೇರಿಸಬೇಡಿ, ಫೋನಿನಲ್ಲೂ ಹೇಳಬೇಡಿ.

ಇನ್ನೊಂದು ಗೊಂದಲವನ್ನೂ ತಿಳಿಯಾಗಿಸುತ್ತೇನೆ. ಬೆಂಗಳೂರಿನ ಕ್ಯಾನ್‌ಅಸಿಸ್ಟ್ ಬ್ರೆಸ್ಟ್ ಜೀನ್ ಅಭಿವ್ಯಕ್ತಿ ಪರೀಕ್ಷೆಯಲ್ಲ. ಅದು 5 ಪ್ರೋಟೀನ್‌ಗಳನ್ನು ಸ್ಟೇನ್ ಮಾಡಿ, ಗಡ್ಡೆಯ ಗಾತ್ರ, ಗ್ರೇಡ್, ನೋಡ್ ಸೇರಿಸಿ ಅಂಕ ಕೊಡುತ್ತದೆ. ಹೋಲಿಕೆಗೆ ದುಡ್ಡಿಲ್ಲದೆ ಸಿಗುವುದು ಪ್ರೆಡಿಕ್ಟ್ ಎಂಬ ಬ್ರಿಟನ್ನಿನ ಆನ್‌ಲೈನ್ ಲೆಕ್ಕ. ನಿಮ್ಮ ಅಂಕ ಅದನ್ನು ಮೀರಿಸದಿದ್ದರೆ ಯಾವ ಆಂಕಾಲಜಿಸ್ಟೂ ಬಳಸುವುದಿಲ್ಲ.

ಬಯೋಟೆಕ್_ವಿದ್ಯಾನಗರ

ಮೂವರಿಗೂ ಧನ್ಯವಾದ. ಸೀಕ್ವೆನ್ಸಿಂಗ್ ಬಿಟ್ಟು ಆರ್‌ಟಿ-ಪಿಸಿಆರ್‌ಗೆ ಬಂದರೆ, 21 ಜೀನ್‌ಗಳ ಆಂಕೊಟೈಪ್ ಸೂತ್ರ 2004ರಿಂದಲೂ ಪ್ರಕಟವಾಗಿದೆಯಲ್ಲ, ಅದನ್ನೇ ನಮ್ಮ ಲ್ಯಾಬಿನಲ್ಲಿ ಲೆಕ್ಕ ಹಾಕಬಹುದೇ? ಪ್ಲೇಟ್ ಜೋಡಣೆ ಹೇಗಿರಬೇಕು?

ದುರ್ಗದ_ಅಂಕಿಸಂಖ್ಯೆ

ಸೂತ್ರ ಓದಿ ಅರ್ಥಮಾಡಿಕೊಳ್ಳಲು ಬಹಳ ಒಳ್ಳೆಯದು. ಹರ್-2 ಗುಂಪಿಗೆ +0.47, ಇಆರ್ ಗುಂಪಿಗೆ −0.34, ಕೋಶವಿಭಜನೆ ಗುಂಪಿಗೆ +1.04, ಆಕ್ರಮಣ ಗುಂಪಿಗೆ +0.10, ಸಿಡಿ68ಕ್ಕೆ +0.05, ಜಿಎಸ್‌ಟಿಎಂ1ಕ್ಕೆ −0.08, ಬ್ಯಾಗ್1ಕ್ಕೆ −0.07. ಎಲ್ಲ ಕೂಡಿಸಿ ಬಂದದ್ದರಿಂದ 6.7 ಕಳೆದು 20ರಿಂದ ಗುಣಿಸಿ, 0ಯಿಂದ 100ರೊಳಗೆ ಕೂರಿಸುತ್ತಾರೆ. ತೂಕ ಎಲ್ಲಿದೆ ಎಂದು ಕಣ್ಣಿಗೇ ಕಾಣುತ್ತದೆ. ಕೋಶವಿಭಜನೆ ಗುಂಪು 6.5ಕ್ಕಿಂತ ಕೆಳಗಿದ್ದರೆ 6.5 ಎಂದೂ, ಹರ್-2 ಗುಂಪು 8ಕ್ಕಿಂತ ಕೆಳಗಿದ್ದರೆ 8 ಎಂದೂ ಹಿಡಿಯುತ್ತಾರೆ.

ಸಮಸ್ಯೆ ಆ 6.5, 8, 6.7 ಎಂಬ ಅಂಕಿಗಳಲ್ಲೇ ಇದೆ. ಅವು ಅವರ ಪ್ರೈಮರ್, ಪ್ರೋಬ್ (ಜೀನ್ ಹಿಡಿಯುವ ಚಿಕ್ಕ ಡಿಎನ್‌ಎ ತುಂಡುಗಳು), ಯಂತ್ರದ ಅಳತೆಗೋಲಿನವು. ನಿಮ್ಮ ಪ್ರೈಮರ್‌ನಲ್ಲಿ ಒಂದು ಸಿಟಿ (ಪಿಸಿಆರ್‌ನ ಒಂದು ಸುತ್ತು) ಮೇಲೆ ಕೆಳಗಾಗಿ, ಕೋಶವಿಭಜನೆ ಗುಂಪಿನ ಸರಾಸರಿಯೇ ಒಂದು ಏರಿದರೆ, ಅಂಕ 20ರಷ್ಟು ಜಿಗಿಯುತ್ತದೆ. 15 ಇದ್ದವರು 35 ಆಗುತ್ತಾರೆ. ಹಾಗಾಗಿ ನಿಮ್ಮ ಲೆಕ್ಕವನ್ನು ಆ ಹೆಸರಿನಿಂದ ಕರೆಯಬೇಡಿ, 11, 25ರಂಥ ಗಡಿಗಳನ್ನೂ ಎರವಲು ತರಬೇಡಿ. ಅಂಕವನ್ನು ಗಡಿಯಿಲ್ಲದೆ, ನಿರಂತರ ಚರವಾಗಿಯೇ ಕಾಕ್ಸ್‌ಗೆ ಹಾಕಿ.

ನನ್ನ ಸಲಹೆ 14 ಜೀನ್: ಕೋಶವಿಭಜನೆಯ 5 (ಕೆಐ-67, ಎಸ್‌ಟಿಕೆ15, ಸರ್ವೈವಿನ್, ಸೈಕ್ಲಿನ್ ಬಿ1, ಎಂವೈಬಿಎಲ್2), ಇಆರ್ ಗುಂಪಿನ 4 (ಇಆರ್, ಪಿಜಿಆರ್, ಬಿಸಿಎಲ್2, ಸ್ಕ್ಯೂಬ್2), ಹೋಲಿಕೆಗೆ ರೆಫರೆನ್ಸ್ 5 (ಬೀಟಾ ಆಕ್ಟಿನ್, ಜಿಎಪಿಡಿಎಚ್, ಆರ್‌ಪಿಎಲ್‌ಪಿ0, ಗಸ್, ಟಿಎಫ್‌ಆರ್‌ಸಿ). ಮೂರು ಮೂರು ಪ್ರತಿ ಹಾಕಿದರೆ ಒಬ್ಬರಿಗೆ 42 ಗುಂಡಿ. 384 ಗುಂಡಿಯ ಪ್ಲೇಟಿನಲ್ಲಿ 8 ರೋಗಿಗಳು ಅಂದರೆ 336, ಎಲ್ಲ ಪ್ಲೇಟಿನಲ್ಲೂ ಒಂದೇ ಇರುವ ಕ್ಯಾಲಿಬ್ರೇಟರ್ ಆರ್‌ಎನ್‌ಎಗೆ ಎರಡೆರಡು ಪ್ರತಿಯಂತೆ 28, ಮಾದರಿಯಿಲ್ಲದ ಕಂಟ್ರೋಲ್‌ಗೆ 14. ಒಟ್ಟು 378. 120 ಮಂದಿಗೆ 15 ಪ್ಲೇಟ್. ಒಬ್ಬ ರೋಗಿಯ ಎಲ್ಲ ಜೀನ್‌ಗಳೂ ಒಂದೇ ಪ್ಲೇಟಿನಲ್ಲಿರಲಿ. ಮರುಕಳಿಸಿದವರೆಲ್ಲ ಮೊದಲ ಪ್ಲೇಟುಗಳಲ್ಲಿ, ಉಳಿದವರು ಆಮೇಲಿನವುಗಳಲ್ಲಿ ಎಂದು ಜೋಡಿಸಿದರೆ ಪ್ಲೇಟಿನ ವ್ಯತ್ಯಾಸವೇ ಕಾಯಿಲೆಯ ವ್ಯತ್ಯಾಸವಾಗಿ ಕಾಣುತ್ತದೆ. ಬೆರೆಸಿ ಹಂಚಿ, ಬ್ಲಾಕ್‌ನ ವರ್ಷವನ್ನೂ ಹಾಗೆಯೇ. ಪ್ಲೇಟ್ ಹಾಕುವವರಿಗೆ ಯಾರಿಗೆ ಮರುಕಳಿಸಿದೆ ಎಂಬುದು ತಿಳಿಯಬಾರದು.

ಸ್ಲೈಡ್_ಮೇಜು

ಇದಕ್ಕೆ ನಾಲ್ಕು ಮಾತು ಸೇರಿಸ್ತೀನಿ. ಪ್ರೈಮರ್‌ಗಳ ಆಂಪ್ಲಿಕಾನ್ (ನಕಲಾಗುವ ತುಂಡು) 60ರಿಂದ 80 ಬೇಸ್ ಒಳಗೇ ಇರಲಿ. 150ರದ್ದು ಹೊಸ ಸೆಲ್ ಲೈನ್‌ನಲ್ಲಿ ಚೆನ್ನಾಗಿ ಬರುತ್ತದೆ, ಬ್ಲಾಕ್‌ನ ಚೂರು ಆರ್‌ಎನ್‌ಎಯಲ್ಲಿ ಕೈಕೊಡುತ್ತದೆ. ಸಿಡಿಎನ್‌ಎ (ಆರ್‌ಎನ್‌ಎಯ ಡಿಎನ್‌ಎ ಪ್ರತಿ) ಮಾಡುವಾಗ ಪಾಲಿ-ಎ ಬಾಲಕ್ಕೆ ಅಂಟುವ ಒಲಿಗೊ-ಡಿಟಿ ಪ್ರೈಮರ್ ಒಂದನ್ನೇ ನಂಬಬೇಡ್ರಿ, ಪಾಲಿ-ಎ ಬಾಲ ಬಹುಪಾಲು ತುಂಡುಗಳಲ್ಲಿ ಇರೋದೇ ಇಲ್ಲ. ಜೀನ್‌ಗೇ ಮೀಸಲಾದ ಪ್ರೈಮರ್ ಅಥವಾ ರ‍್ಯಾಂಡಮ್ ಹೆಕ್ಸಾಮರ್ ಬಳಸ್ರಿ. ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಇಲ್ಲದ ಕಂಟ್ರೋಲ್ ಪ್ರತಿ ಮಾದರಿಗೂ ಬೇಕು. ಮೇಲಿನ ಪ್ಲೇಟಿನಲ್ಲಿ ಅದಕ್ಕೆ ಜಾಗ ಉಳಿದಿಲ್ಲ, ಬೇರೆ ಪ್ಲೇಟ್ ಇಡ್ರಿ. ಡಿಎನ್‌ಎ ಉಳಿದಿದ್ದರೆ ಅದರಲ್ಲೇ ಗೊತ್ತಾಗೋದು. ರೆಫರೆನ್ಸ್ ಜೀನ್‌ಗಳ ಸರಾಸರಿ ಸಿಟಿ ಎಷ್ಟು ದಾಟಿದರೆ ಮಾದರಿ ಬಿಡಬೇಕು ಅನ್ನೋದನ್ನ ಮೊದಲ ಹದಿನೈದಿಪ್ಪತ್ತು ಬ್ಲಾಕ್‌ಗಳಲ್ಲೇ ನಿಗದಿ ಮಾಡಿ ಬರೆದಿಡ್ರಿ. ಮರುಕಳಿಕೆ ವಿವರ ತೆರೆದ ಮೇಲೆ ಅದನ್ನು ಮುಟ್ಟಬಾರದು.

ಬೆಂಗಳೂರಿಗೆ ಕಳಿಸಬೇಕಾದರೆ ಬ್ಲಾಕ್ ಕಳಿಸೋದೇ ಮೇಲು, ಕೊಯ್ದ ಸೆಕ್ಷನ್‌ನಲ್ಲಿ ಆರ್‌ಎನ್‌ಎ ಬೇಗ ಹಾಳಾಗುತ್ತದೆ. ಬ್ಲಾಕ್ ಕೊಡಲು ಒಪ್ಪದಿದ್ದರೆ ಸುರುಳಿಗಳನ್ನು ಆರ್‌ಎನ್‌ಏಸ್ ಇಲ್ಲದ ಟ್ಯೂಬಿಗೆ ಹಾಕಿ, ಸಿಲಿಕಾ ಜೆಲ್ ಜೊತೆ ಐಸ್‌ಪ್ಯಾಕ್ ಡಬ್ಬಿಯಲ್ಲಿ, ಕೊಯ್ದ ವಾರದೊಳಗೆ ಕಳಿಸ್ರಿ. ಮಾರ್ಚ್‌ನಿಂದ ಮೇ ತನಕ ಕೊರಿಯರ್ ಗೋಡೌನಿನಲ್ಲಿ ಶನಿವಾರ–ಭಾನುವಾರ ಬೀಳದಂತೆ ಸೋಮವಾರ ಬೆಳಿಗ್ಗೆಯೇ ಹೊರಡಿಸ್ರಿ. ಟ್ಯೂಬ್ ಮೇಲೆ ಹೆಸರು, ಆಸ್ಪತ್ರೆ ನಂಬರ್ ಬೇಡ, ಅಧ್ಯಯನದ ಕೋಡ್ ಮಾತ್ರ. ಪ್ರತಿ ಬ್ಲಾಕ್‌ನಲ್ಲೂ ಗಡ್ಡೆ ಸ್ವಲ್ಪ ಉಳಿಸ್ರಿ, ನಾಳೆ ಆ ರೋಗಿಗೇ ಮತ್ತೆ ಇಆರ್ ಅಥವಾ ಹರ್-2 ನೋಡಬೇಕಾಗಿ ಬರಬಹುದು.